ಗಾಜಿನ ಕಲೆಯೂ ಮನೆವಾರ್ತೆಯ ಕರೆಯೂ

ಒಮ್ಮೆ ಕಲಿತು, ಕೆಲವು ಕಾಲ ಪ್ರೀತಿಯಿಂದ ನಡೆಸಿ, ಆಮೇಲೆ ಸಂಸಾರದ ಭಾರದಿಂದಲೋ ಶರೀರದ ಅಸ್ವಾಸ್ಥ್ಯದಿಂದಲೋ ಕೈಬಿಟ್ಟ ಕಲೆಯನ್ನು ಹಲವು ವರ್ಷಗಳು ಕಳೆದ ಬಳಿಕ ಮತ್ತೆ ಹಿಡಿಯಬೇಕೆಂದು ಹೊರಡುವವರು ಎಲ್ಲ ದೇಶಗಳಲ್ಲಿಯೂ ಉಂಟು. ಅಂಥವರಿಗೆ ಎರಡು ದಿಕ್ಕುಗಳಿಂದ ಎರಡು ಮಾತುಗಳು ಕೇಳಿಬರುವುವು. ಕಲೆಯನ್ನು ಬಲ್ಲವರು, "ನಡುನಡುವೆ ಕದ್ದ ಗಳಿಗೆಗಳಲ್ಲಿ ಮಾಡಿದ ಅಭ್ಯಾಸದಿಂದ ಆಗುವುದೇನು? ಮಾಡುವುದಾದರೆ ಪೂರ್ತಿಯಾಗಿ ಮಾಡಬೇಕು, ಇಲ್ಲವಾದರೆ ಬಿಡಬೇಕು" ಎನ್ನುವರು. ಮನೆಯವರು, "ಇರುವ ಕೆಲಸಗಳೇ ಮುಗಿಯುತ್ತಿಲ್ಲ, ಇದೊಂದು ಬೇರೆ ಏಕೆ?" ಎನ್ನುವರು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದ ಮಾತುಗಳು. ಆದರೆ ಎರಡರ ಬೇರೂ ಒಂದೇ. ಭಂಗವಿಲ್ಲದ ಕಾಲ ದೊರೆಯದವರಿಗೆ ಕಲೆ ಸಲ್ಲದು ಎಂಬ ನಂಬಿಕೆಯೇ ಆ ಬೇರು. ಒಬ್ಬರು ಅದರಿಂದ ಮನೆಯನ್ನು ಮರೆಯಬೇಕೆಂಬ ತೀರ್ಮಾನಕ್ಕೆ ಬರುವರು. ಇನ್ನೊಬ್ಬರು ಕಲೆಯನ್ನು ಮರೆಯಬೇಕೆಂಬ ತೀರ್ಮಾನಕ್ಕೆ ಬರುವರು.

ಈ ನಂಬಿಕೆಗೆ ಶಾಸ್ತ್ರದ ಆಧಾರವೂ ಇಲ್ಲದಿಲ್ಲ. ಪತಂಜಲಿಯ ಯೋಗಸೂತ್ರಗಳು ಅಭ್ಯಾಸದ ದೃಢತೆಗೆ ದೀರ್ಘಕಾಲ, ನೈರಂತರ್ಯ, ಸತ್ಕಾರ ಎಂಬ ಮೂರನ್ನು ಬೇಡುತ್ತವೆ. ಗೃಹಸ್ಥರಾದವರಿಗೆ ಇವುಗಳಲ್ಲಿ ಮೊದಲನೆಯದು ಅಸಾಧ್ಯವಲ್ಲ, ಆಯುಸ್ಸಿದ್ದರೆ ಸಾಕು. ಮೂರನೆಯದೂ ಅಸಾಧ್ಯವಲ್ಲ, ಆದರವೆಂಬುದು ಮನಸ್ಸಿನ ಮಾತು. ತೊಡಕಿರುವುದು ನಡುವಣ ಪದದಲ್ಲಿ. ದಿನಕ್ಕೆ ಹತ್ತು ಸಲ ಬಾಗಿಲಿಗೆ ಎದ್ದು ಹೋಗಬೇಕಾದವರಿಗೆ ನೈರಂತರ್ಯವೆಲ್ಲಿಂದ ಬರಬೇಕು? ಯೋಗಿಗೆ ಹೇಳಿದ ಮಾತನ್ನು ಗೃಹಿಣಿಗೆ ಅನ್ವಯಿಸುವುದೇ ಸಲ್ಲದೆಂದು ತಳ್ಳಿಹಾಕಬಹುದು. ಆದರೆ ಹಾಗೆ ತಳ್ಳಿಹಾಕುವುದು ಗೃಹಿಣಿಗೆ ಮಾಡುವ ಉಪಕಾರವಲ್ಲ. ಆಕೆಯ ಅಭ್ಯಾಸವು ಅಭ್ಯಾಸವೇ ಅಲ್ಲವೆಂದು ಒಪ್ಪಿಕೊಂಡಂತಾಯಿತು. ಆದುದರಿಂದ ನೈರಂತರ್ಯವೆಂದರೇನು, ಅದು ಗಡಿಯಾರದ ಮುಳ್ಳಿನಲ್ಲಿದೆಯೆ, ಇಲ್ಲವೆ ಬೇರೆಲ್ಲಾದರೂ ಇದೆಯೆ ಎಂದು ಕೇಳುವುದೇ ಉಚಿತ.

ಇದನ್ನು ಪರೀಕ್ಷಿಸುವುದಕ್ಕೆ ಗಾಜಿನ ಕಲೆಗಿಂತ ಕಠಿಣವಾದ ಒರೆಗಲ್ಲು ದೊರೆಯದು. ವೀಣೆ ನುಡಿಸುತ್ತಿರುವವರನ್ನು ಯಾರಾದರೂ ಕರೆದರೆ ವೀಣೆಯನ್ನು ಕೆಳಗಿರಿಸಿ ಏಳಬಹುದು. ರಾಗಕ್ಕೆ ಭಂಗ ಬಂದೀತು, ವೀಣೆ ಒಡೆಯದು. ಕಸೂತಿಯ ಬಟ್ಟೆಯಲ್ಲಿ ಸೂಜಿಯನ್ನು ಚುಚ್ಚಿಟ್ಟು ಹೋದರೆ ಸಂಜೆಗೆ ಅದು ಅಲ್ಲಿಯೇ ಇರುವುದು. ಉರಿಯಲ್ಲಿರುವ ಗಾಜು ಹಾಗೆ ಕಾಯುವುದಿಲ್ಲ.

ಕನ್ನಡದ ಮನೆಗಳಲ್ಲಿ ಗಾಜು ಬಳೆಯಾಗಿ, ದೀಪದ ಚಿಮಣಿಯಾಗಿ, ಕನ್ನಡಿಯಾಗಿ ಬಹುಕಾಲದಿಂದ ಪರಿಚಿತವಾದ ವಸ್ತು. ಆದರೆ ಅದು ಹದಗೊಳ್ಳುವ ಬಗೆಯನ್ನು ಕಣ್ಣಾರೆ ಕಂಡವರು ಕಡಮೆ. ಮರಳು, ಸೋಡಾ, ಸುಣ್ಣ ಎಂಬ ಬಡ ಪದಾರ್ಥಗಳು ಕಡುಕಾವಿನಲ್ಲಿ ಒಂದಾಗಿ ಸಾಮಾನ್ಯವಾದ ಗಾಜಾಗುವುದು. ಮಂಜುಗಡ್ಡೆಗೆ ಇರುವಂತೆ ಗಾಜಿಗೆ ಕರಗುವ ಗೊತ್ತಾದ ಒಂದು ಮಟ್ಟವಿಲ್ಲ. ಕಾವು ಏರಿದಂತೆ ಅದು ಮೆಲ್ಲಮೆಲ್ಲನೆ ಮೆತ್ತಗಾಗಿ, ಜೇನಿನಂತೆ ಜಾರಿ, ಕೊನೆಗೆ ಹರಿಯುವುದು. ಕಾವು ಇಳಿದಂತೆ ಅದೇ ದಾರಿಯಲ್ಲಿ ಹಿಂದಿರುಗಿ ಗಟ್ಟಿಯಾಗುವುದು. ಬೆಲ್ಲದ ಪಾಕ ಹಿಡಿದು ಬಲ್ಲವರಿಗೆ ಈ ಸ್ವಭಾವ ಹೊಸದಲ್ಲ. ಎಳೆಪಾಕ ಕಳೆದು ಉಂಡೆಪಾಕಕ್ಕೆ ಬರುವ ಆ ಒಂದೆರಡು ನಿಮಿಷಗಳಲ್ಲಿ ಒಲೆಯ ಮುಂದಿನಿಂದ ಏಳಲಾಗದೆಂಬುದನ್ನು ಅಡಿಗೆಮನೆಯ ಅನುಭವವುಳ್ಳವರೆಲ್ಲರೂ ಬಲ್ಲರು. ಉರಿಯ ಮುಂದಿನ ಗಾಜಿನ ಕೆಲಸವೆಲ್ಲ ಅಂಥ ನಿಮಿಷಗಳ ಕೆಲಸ.

ಆಕಾರ ಬಂದ ಮೇಲೂ ಅಪಾಯ ಮುಗಿಯದು. ಬಿಸಿಯಾದ ಗಾಜನ್ನು ಹೊರಗಿನ ಗಾಳಿಗೆ ಒಡ್ಡಿದರೆ ಮೇಲಿನ ಪದರ ಮೊದಲು ತಣಿದು ಬಿಗಿಯಾಗುವುದು. ಒಳಗಿನ ಭಾಗ ಇನ್ನೂ ಬಿಸಿಯಾಗಿದ್ದು, ತಾನು ತಣಿಯುವಾಗ ಕುಗ್ಗಲೆಳಸುವುದು. ಆಗ ಹೊರಗೂ ಒಳಗೂ ನಡೆಯುವ ಜಗ್ಗಾಟವು ಕಣ್ಣಿಗೆ ಕಾಣದಂತೆ ಗಾಜಿನಲ್ಲಿ ಉಳಿದುಬಿಡುವುದು. ಅಂದು ಅಂದವಾಗಿ ತೋರಿದ ಪಾತ್ರೆ ಮೂರು ದಿನಗಳ ಮೇಲೆ ಯಾರೂ ಮುಟ್ಟದೆ ಕಪಾಟಿನಲ್ಲಿಯೇ ಸೀಳಬಹುದು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬಾಲವುಳ್ಳ ಬಿಂದುವೊಂದು ಆಗುವುದು. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯದು, ಬಾಲದ ತುದಿಯನ್ನು ಚಿವುಟಿದರೆ ಇಡಿಯ ಬಿಂದು ಪುಡಿಪುಡಿಯಾಗಿ ಸಿಡಿಯುವುದು. ರಾಜಕುಮಾರ ರೂಪರ್ಟನ ಹನಿಗಳೆಂದು ಹೆಸರಾದ ಇವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರು 1661ರಲ್ಲಿಯೇ ಪರೀಕ್ಷಿಸಿದ್ದರು. ಒಳಗೆ ಉಳಿದ ಬಿಗಿತಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ. ಈ ಬಿಗಿತವನ್ನು ಕಳೆಯಬೇಕಾದರೆ ಮಾಡಿದ ವಸ್ತುವನ್ನು ಆವಿಗೆಯಲ್ಲಿಟ್ಟು, ಸಾಮಾನ್ಯವಾದ ಮೆದು ಗಾಜಾದರೆ ಸುಮಾರು 510 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕೆಲಹೊತ್ತು ನಿಲ್ಲಿಸಿ, ಅಲ್ಲಿಂದ ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ದಪ್ಪ ಹೆಚ್ಚಿದಷ್ಟೂ ಈ ಕಾಲ ಹೆಚ್ಚುವುದು.

ಇಂಥ ವಸ್ತುವಿನ ಕಲೆ ಶತಮಾನಗಳ ಕಾಲ ಮನೆಯ ಹೊರಗೆ ಇದ್ದುದು ಸಹಜವೇ. ವೆನಿಸ್ ನಗರದ ಆಡಳಿತವು ಬೆಂಕಿಯ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಕಳುಹಿಸಿತು. ಮೂಸೆಯಲ್ಲಿ ಗಾಜು ಕರಗಿರಬೇಕಾದರೆ ಕುಲುಮೆ ಹಗಲಿರುಳೂ ಉರಿಯಬೇಕು. ಮನುಷ್ಯರು ಅದರ ವೇಳೆಗೆ ಹೊಂದಿಕೊಳ್ಳಬೇಕು. ಕುಲುಮೆಗೆ ಹೋದವನು ಮನೆಗೆ ಇಲ್ಲ. ಮನೆಯ ಕರೆ ಅವನಿಗೆ ಕೇಳಿಸುವುದೂ ಇಲ್ಲ. ಈ ಏರ್ಪಾಡು ಬದಲಾಗತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕುಂಬಾರಿಕೆಯ ಕಲೆಯನ್ನು ಕಲಿಸುತ್ತಿದ್ದ ಹಾರ್ವೆ ಲಿಟಲ್‌ಟನ್ ಎಂಬಾತ 1962ರಲ್ಲಿ ಟೊಲೀಡೋ ನಗರದ ಕಲಾ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಶಿಬಿರವನ್ನು ನಡೆಸಿ, ಕಾರ್ಖಾನೆಯಿಲ್ಲದೆ ಸಣ್ಣದೊಂದು ಕುಲುಮೆಯಲ್ಲಿಯೇ ಕಲಾವಿದನು ತಾನೇ ಗಾಜನ್ನು ಊದಬಹುದೆಂದು ತೋರಿಸಿದನು. ಮೊದಲಿನ ಪ್ರಯತ್ನದಲ್ಲಿ ಗಾಜು ಸರಿಯಾಗಿ ಕರಗಲೇ ಇಲ್ಲ. ಗಾಜಿನ ಉದ್ಯಮದಲ್ಲಿ ವಿಜ್ಞಾನಿಯಾಗಿದ್ದ ಡಾಮಿನಿಕ್ ಲಬೀನೋ ಬೇಗ ಕರಗುವ ಜಾತಿಯ ಗಾಜಿನ ಗೋಲಿಗಳನ್ನು ಬಳಸಲು ಸೂಚಿಸಿದ ಮೇಲೆ ಕೆಲಸ ಸಾಗಿತು. ಅಲ್ಲಿಂದ ಮುಂದೆ ಗಾಜಿನ ಕಲೆ ಕಾರ್ಖಾನೆಯಿಂದ ಕಲಾಶಾಲೆಗೂ, ಚಿಕ್ಕ ವಿದ್ಯುತ್ ಆವಿಗೆಗಳು ಬಂದ ಮೇಲೆ ಮನೆಯ ಹಿಂದಿನ ಕೋಣೆಗೂ ಬಂದಿತು. ಬಂದದ್ದು ಒಳ್ಳೆಯದೇ. ಆದರೆ ಕುಲುಮೆ ಮನೆಗೆ ಬಂದ ದಿನವೇ ಮನೆಯ ಕರೆಯೂ ಕುಲುಮೆಗೆ ಕೇಳಿಸತೊಡಗಿತು. ಮುರಾನೋವಿನ ಕುಶಲಿಗೆ ಏಳದಿದ್ದ ಧರ್ಮಪ್ರಶ್ನೆ ಹಿಂದಿನ ಕೋಣೆಯಲ್ಲಿ ಕುಳಿತವಳಿಗೆ ಏಳುವುದು.

ಅಂಥ ಒಬ್ಬಾಕೆಯನ್ನು ಊಹಿಸಿಕೊಳ್ಳಬಹುದು. ಊರು ಯಾವುದಾದರೂ ಆಗಲಿ. ಹಿಂದೆ ನಾಲ್ಕೈದು ವರ್ಷ ಗಾಜಿನ ಮಣಿಗಳನ್ನೂ ಬಣ್ಣದ ಫಲಕಗಳನ್ನೂ ಮಾಡುತ್ತಿದ್ದು, ಮಕ್ಕಳಾದ ಮೇಲೆಯೂ ಹಿರಿಯರ ಕಾಯಿಲೆಯ ನಡುವೆಯೂ ಬಿಟ್ಟವಳು. ಹತ್ತು ವರ್ಷಗಳ ಮೇಲೆ ಕೋಣೆಯ ಬಾಗಿಲು ತೆರೆದರೆ ಆಕೆಗೆ ಮೊದಲು ಕಾಣುವುದು ಕಲೆಯಲ್ಲ, ಧೂಳು. ಗಾಜನ್ನು ಗೀರುವ ಚಕ್ರಕ್ಕೆ ತುಕ್ಕು ಹಿಡಿದಿದೆ. ಮಣಿ ಕಟ್ಟುವ ಉಕ್ಕಿನ ಕಡ್ಡಿಗಳಿಗೆ ಬಳಿಯುವ ಜೇಡಿಯ ಲೇಪ ಸೀಸೆಯಲ್ಲಿಯೇ ಒಣಗಿ ಕಲ್ಲಾಗಿದೆ. ಇವೆಲ್ಲ ಅಲ್ಪವಾದ ನಷ್ಟಗಳು. ನಿಜವಾದ ತೊಂದರೆ ಚೀಟಿ ಉದುರಿಹೋದ ಗಾಜಿನ ತುಂಡುಗಳದು. ಕಾದಾಗ ಎಲ್ಲ ಗಾಜೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ತಯಾರಕರು ಹಿಗ್ಗುವ ಪ್ರಮಾಣಕ್ಕೆ ತಕ್ಕಂತೆ 90, 96, 104 ಎಂಬ ಅಂಕಗಳಿಂದ ಅವನ್ನು ಗುರುತಿಸುವರು. 90ರ ಗಾಜನ್ನೂ 96ರ ಗಾಜನ್ನೂ ಬೆಸೆದರೆ ತಣಿಯುವಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದನ್ನು ಸೀಳುವುದು. ಎರಡೂ ನೋಟಕ್ಕೆ ಒಂದೇ ನೀಲಿ, ಒಂದೇ ಹೊಳಪು. ಆದುದರಿಂದ ಆಕೆ ಪ್ರತಿಯೊಂದು ಸಂಶಯದ ಗಾಜಿನಿಂದಲೂ ಚೂರೊಂದನ್ನು ಒಡೆದು, ಗೊತ್ತಾದ ಪಾರದರ್ಶಕ ಗಾಜಿನ ಮೇಲೆ ಬೆಸೆದು, ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಹಾಳೆಗಳ ನಡುವೆ ಹಿಡಿದು ನೋಡಬೇಕು. ಚೂರಿನ ಸುತ್ತ ಬಿಳಿಯ ಪ್ರಭೆ ಕಂಡರೆ ಅಲ್ಲಿ ಬಿಗಿತವುಂಟು; ಅವೆರಡನ್ನು ಕೂಡಿಸಲಾಗದು.

ಹೀಗೆ ಮೊದಲ ವಾರವೆಲ್ಲ ಗುಡಿಸುವುದರಲ್ಲಿ, ಎರಡನೆಯ ವಾರವೆಲ್ಲ ವಿಂಗಡಿಸುವುದರಲ್ಲಿ ಕಳೆಯುವುದು. ಒಂದು ಮಣಿಯೂ ಆಗಿಲ್ಲ. ಇದು ಕಲೆಯ ಕೆಲಸವೆ? ನೋಡುವವರು ಅಲ್ಲವೆನ್ನುವರು, ಬಹುಶಃ ಆಕೆಯೂ ಅಲ್ಲವೆಂದೇ ಎಣಿಸಿ ನಾಚುವಳು. ಆದರೆ ಬಾಗಿಲ ಕರೆಗೆ ಎದ್ದು ಹೋಗಿ ಬಂದರೂ ಕೆಡದಿರುವ ಕೆಲಸವೆಂದರೆ ಇದೇ. ತಣ್ಣಗಿನ ಗಾಜಿನ ಕೆಲಸವು ಎಷ್ಟೋ ಮಟ್ಟಿಗೆ ತಾಳ್ಮೆಯುಳ್ಳದ್ದು: ವಿಂಗಡಿಸುವುದು, ಅಂಚು ಉಜ್ಜುವುದು, ಸೀಸದ ಪಟ್ಟಿಯಲ್ಲಿ ತುಂಡುಗಳನ್ನು ಕೂಡಿಸಿ ಕಿಟಕಿಯ ಚಿತ್ರ ಕಟ್ಟುವುದು. ಇವನ್ನು ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸಬಹುದು. ಅದರೊಳಗೂ ಒಂದು ಗಳಿಗೆ ಮಾತ್ರ ಬಿಡಲಾಗದ್ದು. ಚಕ್ರದಿಂದ ಗೀರು ಎಳೆದ ಮೇಲೆ ತಡಮಾಡದೆ ಮುರಿಯಬೇಕು, ಎಳೆದ ಗೀರಿನ ಮೇಲೆ ಮತ್ತೊಮ್ಮೆ ಎಳೆಯಬಾರದು. ಮರಳಿ ಬರುವವರು ಉರಿಯಿಂದ ಆರಂಭಿಸದೆ ತಣ್ಣಗಿನ ಕೆಲಸದಿಂದ ಆರಂಭಿಸುವುದು ಹೇಡಿತನವಲ್ಲ. ತಮ್ಮ ದಿನದ ಸ್ವರೂಪವನ್ನು ಅರಿತ ವಿವೇಕ.

ಆದರೂ ಉರಿಯ ಮುಂದೆ ಕೂರುವ ದಿನ ಬರಲೇಬೇಕು. ಅಂದು ಎದುರಾಗುವ ಕಷ್ಟ ಬೇರೆಯದು. ಹೊಸಬನಿಗೆ ಕೈಯೂ ಇಲ್ಲ, ಕಣ್ಣೂ ಇಲ್ಲ. ತಾನು ಮಾಡಿದ ಸೊಟ್ಟ ಮಣಿ ಅವನಿಗೆ ಚೆನ್ನಾಗಿಯೇ ತೋರುವುದು. ಮರಳಿ ಬಂದವಳ ಕೈ ಹಿಂದೆ ಬಿದ್ದಿದೆ, ಕಣ್ಣು ಮಾತ್ರ ಬಿದ್ದಿಲ್ಲ. ಈ ಹತ್ತು ವರ್ಷಗಳಲ್ಲಿ ಆಕೆ ಮಾಡದಿದ್ದರೂ ನೋಡುತ್ತ ಬಂದಿದ್ದಾಳೆ. ಒಳ್ಳೆಯದು ಯಾವುದೆಂಬುದು ಮೊದಲಿಗಿಂತ ಚೆನ್ನಾಗಿ ಗೊತ್ತು. ಆದುದರಿಂದ ತನ್ನ ಕೈಯಿಂದ ಹೊರಟ ಮೊದಲ ಮಣಿಯನ್ನು ನೋಡಿದಾಗ ಆಕೆಗೆ ಆಗುವ ಸಂಕಟ ಹೊಸಬನಿಗೆ ತಿಳಿಯದು. ಅನೇಕರು ಎರಡನೆಯ ಸಲ ಬಿಡುವುದು ಇಲ್ಲಿಯೇ. ಆದರೆ ಬಿಟ್ಟ ಕಾರಣ ಕೇಳಿದರೆ ಮನೆಯ ಕೆಲಸವನ್ನು ಹೇಳುವರು. ಅಡ್ಡಿಗಳೆಂಬವು ಅಭಿಮಾನಕ್ಕೆ ಒಳ್ಳೆಯ ಮರೆ. ಕೆಲಸಕ್ಕೆ ಕೂರಲಾಗದಿದ್ದ ದಿನಗಳಲ್ಲಿ ಎಷ್ಟು ನಿಜವಾಗಿ ಕರೆ ಬಂದದ್ದರಿಂದ, ಎಷ್ಟು ಕರೆ ಬರಲೆಂದು ಕಾದಿದ್ದರಿಂದ ಎಂಬ ಲೆಕ್ಕವನ್ನು ಪರರು ಕೇಳಬಾರದು, ತಾನೇ ಕೇಳಿಕೊಳ್ಳಬೇಕು.

ಇಷ್ಟು ಹೇಳಿ ಅಡ್ಡಿಯ ಹೊರೆಯನ್ನೆಲ್ಲ ಆಕೆಯ ಮನಸ್ಸಿನ ಮೇಲೆ ಹಾಕಿದರೆ ಅನ್ಯಾಯವಾಗುವುದು. ಕರೆಗಳೆಲ್ಲ ಒಂದೇ ತೂಕದವಲ್ಲ. ಜ್ವರ ಬಂದ ಮಗು ಕರೆದರೆ, ಹಾಸಿಗೆ ಹಿಡಿದ ಅತ್ತೆ ನೀರು ಕೇಳಿದರೆ, ಅದನ್ನು ಅಡ್ಡಿಯೆಂದು ಕರೆಯುವುದೇ ತಪ್ಪು. ಬಾಳಿನ ಮುಖ್ಯವಾದ ಕೆಲಸವೇ ಅದು. ಅಲ್ಲಿ ಮಣಿಯನ್ನು ಉರಿಯಿಂದ ತೆಗೆದು ಬೂದಿಗೆ ಹಾಕಿ ಏಳುವುದಕ್ಕೆ ಒಂದು ಗಳಿಗೆಯೂ ಯೋಚಿಸಬೇಕಾಗಿಲ್ಲ. ಆದರೆ ಉಪ್ಪಿನ ಡಬ್ಬಿ ಎಲ್ಲಿದೆ, ಪತ್ರಿಕೆ ಬಂತೆ, ಟೆಲಿಫೋನಿನಲ್ಲಿ ಯಾರೋ ಕೇಳುತ್ತಿದ್ದಾರೆ ಎಂಬ ಕರೆಗಳು ಆ ಜಾತಿಯವಲ್ಲ. ಕಚೇರಿಯಲ್ಲಿ ಕುಳಿತ ಗಂಡನನ್ನು ಉಪ್ಪಿನ ಡಬ್ಬಿಗಾಗಿ ಯಾರೂ ಕರೆಯುವುದಿಲ್ಲ. ಹಿಂದಿನ ಕೋಣೆಯಲ್ಲಿ ಉರಿಯ ಮುಂದೆ ಕುಳಿತವಳನ್ನು ಕರೆಯುವರು. ಏಕೆಂದರೆ ಆಕೆ "ಸುಮ್ಮನೆ ಏನೋ ಮಾಡಿಕೊಂಡು" ಕುಳಿತಿದ್ದಾಳೆ. ಹಣ ತರುವ ಕೆಲಸಕ್ಕೆ ವೇಳೆಯುಂಟು, ಮನಸ್ಸು ತುಂಬಿದ ಕೆಲಸಕ್ಕೆ ವೇಳೆಯಿಲ್ಲ ಎಂಬ ಈ ವಿಭಾಗವನ್ನು ಯಾವ ಧರ್ಮಶಾಸ್ತ್ರವೂ ವಿಧಿಸಿದ್ದಲ್ಲ, ಅಭ್ಯಾಸಬಲದಿಂದ ಬಂದದ್ದು. ಎಲ್ಲ ಕರೆಗೂ ಸಿಡುಕುವವಳು ಮಗುವಿಗೆ ಅನ್ಯಾಯ ಮಾಡುವಳು. ಎಲ್ಲ ಕರೆಗೂ ಏಳುವವಳು ತನಗೆ ಅನ್ಯಾಯ ಮಾಡಿಕೊಳ್ಳುವುದಲ್ಲದೆ, ಮನೆಯವರಿಗೆ ಕರೆಗಳ ತೂಕವನ್ನು ಕಲಿಸದೆ ಬಿಡುವಳು.

ಮನೆಯು ಇದನ್ನು ಕಲಿಯಲಾರದು ಎನ್ನುವಂತಿಲ್ಲ. ಮಡಿಯುಟ್ಟು ಅಡಿಗೆ ಮಾಡುವವರನ್ನು ಮುಟ್ಟಬಾರದೆಂದು ಮೂರು ವರ್ಷದ ಮಗುವೂ ಕಲಿಯುತ್ತಿದ್ದ ಮನೆಗಳು ಕನ್ನಡನಾಡಿನಲ್ಲಿ ಬೇಕಾದಷ್ಟು ಇದ್ದುವು. ಪೂಜೆಗೆ ಕುಳಿತ ಅಜ್ಜನನ್ನು ಬಂದ ನೆಂಟರೂ ಕಾಯುವರು. ಮೌನದಿಂದ ಊಟ ಮಾಡುವವರನ್ನು ಯಾರೂ ಮಾತಾಡಿಸರು. ಮಡಿಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಮುಟ್ಟಬಾರದ ಗಳಿಗೆಯೊಂದುಂಟೆಂಬ ತಿಳಿವಳಿಕೆ ಸಂಸಾರಕ್ಕೆ ಪರಕೀಯವಲ್ಲ ಎಂಬುದಷ್ಟೇ ಇಲ್ಲಿಯ ಮಾತು. ಯಾವ ಕೆಲಸಕ್ಕೆ ಆ ಗೌರವ ಸಲ್ಲಬೇಕೆಂಬುದನ್ನು ಮನೆಯು ತೀರ್ಮಾನಿಸುವುದು. ಪತಂಜಲಿಯ ಮೂರನೆಯ ಪದವಾದ ಸತ್ಕಾರವನ್ನು ಅಭ್ಯಾಸ ಮಾಡುವವರ ಗುಣವೆಂದು ಮಾತ್ರ ಎಣಿಸುವುದು ವಾಡಿಕೆ. ಗೃಹಸ್ಥರ ವಿಷಯದಲ್ಲಿ ಅದು ಸುತ್ತಲಿನವರ ಗುಣವೂ ಆಗಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಉರಿ ಹೊತ್ತಿಸಿದಾಗ ಹೊಸ್ತಿಲ ಹೊರಗೆ ನಿಂತು ಕಾಯಬೇಕೆಂದು ಮಗುವಿಗೆ ಕಲಿಸುವುದು ಕಾಠಿಣ್ಯವಲ್ಲ. ಕರಗಿದ ಗಾಜೂ ಗ್ಯಾಸಿನ ಜ್ವಾಲೆಯೂ ಇರುವ ಕೋಣೆಗೆ ಓಡಿಬರಬಾರದೆಂಬುದು ಅದರ ಕ್ಷೇಮಕ್ಕೂ ಬೇಕಾದ ಪಾಠ. ಇಪ್ಪತ್ತು ನಿಮಿಷ ಕಾದು, ಉರಿ ಆರಿದ ಮೇಲೆ ಒಳಗೆ ಬಂದು, ಇಂದಿನ ಬಣ್ಣವೇನೆಂದು ಕೇಳುವ ಮಗುವು ಕೆಲಸವೆಂದರೇನೆಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸದ ರೀತಿಯಲ್ಲಿ ಕಲಿತಿರುವುದು.

ಭಂಗದಿಂದಲೇ ಕಲೆ ಬೆಳೆದ ಉದಾಹರಣೆಗಳನ್ನು ಹುಡುಕುವವರು ಲಿಯೋಪೋಲ್ಡ್ ಬ್ಲಾಷ್ಕನ ಜೀವನವನ್ನು ನೋಡಬಹುದು. ಬೊಹೀಮಿಯದಲ್ಲಿ 1822ರಲ್ಲಿ ಹುಟ್ಟಿದ ಈತ ಗಾಜಿನ ಕೆಲಸದ ಮನೆತನದವನು. 1850ರಲ್ಲಿ ಹೆಂಡತಿ ಕಾಲರಾದಿಂದ ತೀರಿಕೊಂಡಳು. ಎರಡು ವರ್ಷಗಳ ಮೇಲೆ ತಂದೆಯೂ ತೀರಿದನು. ದುಃಖದಿಂದ ಬಳಲಿದ ಲಿಯೋಪೋಲ್ಡ್ 1853ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೊರಟನು. ದಾರಿಯಲ್ಲಿ ಗಾಳಿ ನಿಂತು, ಅಜೋರ್ಸ್ ದ್ವೀಪಗಳ ಬಳಿ ಹಡಗು ಎರಡು ವಾರ ಕದಲದೆ ನಿಂತಿತು. ಆ ನಿಂತ ದಿನಗಳಲ್ಲಿ ಆತ ಕಡಲಿನ ಲೋಳೆಮೀನುಗಳನ್ನೂ, ರಾತ್ರಿಯಲ್ಲಿ ಅವು ಬೆಳಗುವ ಬಗೆಯನ್ನೂ ನೋಡಿ ಚಿತ್ರಿಸಿಕೊಂಡನು. ಊರಿಗೆ ಮರಳಿದ ಮೇಲೆ ಜೀವನಕ್ಕೆ ಮಾಡಿದ್ದು ಗಾಜಿನ ಆಭರಣಗಳನ್ನು, ಕುರುಡರಿಗೆ ಕೃತಕ ಕಣ್ಣುಗಳನ್ನು. ಬಿಡುವಿದ್ದಾಗ ಮಾತ್ರ, ಹಣದ ಆಸೆಯಿಲ್ಲದೆ, ಗಾಜಿನಲ್ಲಿ ಹೂಗಳನ್ನು ಮಾಡುತ್ತಿದ್ದನು. ಕಡಲಲ್ಲಿ ಕಂಡ ಜೀವಿಗಳ ಜಾತಿಯವು ಗಾಜಿನಲ್ಲಿ ಮೂಡಿದ್ದು 1863ರಲ್ಲಿ, ಡ್ರೆಸ್ಡೆನ್ ನಗರದ ವಸ್ತುಸಂಗ್ರಹಾಲಯದವರು ಕೇಳಿದಾಗ. ನೋಟಕ್ಕೂ ಕೃತಿಗೂ ನಡುವೆ ಹತ್ತು ವರ್ಷ. ಆಮೇಲೆ ಮಗ ರುಡಾಲ್ಫನೂ ಸೇರಿದನು. ತಂದೆ ಮಕ್ಕಳಿಬ್ಬರೂ ಡ್ರೆಸ್ಡೆನ್ನಿನ ಬಳಿಯ ಹೊಸ್ಟರ್‌ವಿಟ್ಸ್‌ನ ತಮ್ಮ ಮನೆಯಲ್ಲಿಯೇ, ಕಾಲಿನಿಂದ ತುಳಿಯುವ ತಿದಿಯ ಮೇಜಿನ ಮುಂದೆ ಕುಳಿತು, ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕಾಗಿ ಸಸ್ಯಗಳ ಪ್ರತಿಕೃತಿಗಳನ್ನು ಮಾಡಿದರು. ಲಿಯೋಪೋಲ್ಡ್ 1895ರಲ್ಲಿ ತೀರಿಕೊಂಡ ಮೇಲೆ ರುಡಾಲ್ಫ್ ಒಬ್ಬನೇ 1936ರ ವರೆಗೆ ಆ ಕೆಲಸವನ್ನು ನಡೆಸಿದನು. ನಾಲ್ಕು ಸಾವಿರಕ್ಕೆ ಮೀರಿದ ಆ ಪ್ರತಿಕೃತಿಗಳು ಇಂದಿಗೂ ಅಲ್ಲಿ ಪ್ರದರ್ಶನದಲ್ಲಿವೆ.

ಈ ಕಥೆಯನ್ನು ಕೇಳಿದ ಕೂಡಲೇ, "ನೋಡಿ, ಅಡ್ಡಿಯೆಂಬುದು ದೇವರು ಕೊಟ್ಟ ವರ" ಎಂದು ಉಪದೇಶಿಸುವವರು ಇಲ್ಲದಿಲ್ಲ. ಅಡ್ಡಿಗೊಳಗಾಗದವರು ಈ ಮಾತನ್ನು ಹೇಳುವುದು ಬಲು ಸುಲಭ. ಹಡಗು ನಿಂತದ್ದು ಎರಡು ವಾರ, ಒಮ್ಮೆ. ಉಪ್ಪಿನ ಡಬ್ಬಿಯ ಕರೆ ಪ್ರತಿದಿನ. ನಿಂತ ಹಡಗಿನಲ್ಲಿ ಯಾರೂ ಆತನನ್ನು ಕರೆಯುತ್ತಿರಲಿಲ್ಲ. ಅದು ಅಡ್ಡಿಯ ವೇಷದಲ್ಲಿ ಬಂದ ಬಿಡುವು. ಆತನ ಕಥೆ ತೋರಿಸುವುದು ಬೇರೊಂದನ್ನು: ಕೈ ಸುಮ್ಮನಿದ್ದ ಹತ್ತು ವರ್ಷಗಳಲ್ಲಿಯೂ ಕಂಡದ್ದು ಅಳಿಯಲಿಲ್ಲ. ಅದನ್ನು ಚಿತ್ರದ ಹಾಳೆಗಳಲ್ಲಿ ಜೋಪಾನವಾಗಿಟ್ಟಿದ್ದನು. ಬಿಡುವಿನ ಗಳಿಗೆ ಬಂದಾಗ ಎಲ್ಲಿಂದ ಆರಂಭಿಸಬೇಕೆಂಬುದು ಗೊತ್ತಿತ್ತು. ನೈರಂತರ್ಯವನ್ನು ಹುಡುಕಬೇಕಾದುದು ಇಲ್ಲಿ ಎಂದು ತೋರುತ್ತದೆ. ಎದ್ದು ಹೋಗುವ ಮುನ್ನ, ಯಾವ ಬಣ್ಣದ ಮೇಲೆ ಯಾವ ಬಣ್ಣ, ಆವಿಗೆಯ ಕಾವು ಎಷ್ಟು, ನಾಳೆ ಮೊದಲು ಮಾಡಬೇಕಾದುದೇನು ಎಂದು ಚೀಟಿಯಲ್ಲಿ ಬರೆದಿಟ್ಟು ಏಳುವವಳ ದಿನ ಮುರಿದಿರಬಹುದು, ಕೆಲಸ ಮುರಿದಿಲ್ಲ. ನಾಲ್ಕು ಗಂಟೆ ಕದಲದೆ ಕುಳಿತು, ನಿನ್ನೆ ಮಾಡಿದ್ದೇನೆಂಬುದನ್ನು ಮರೆತು ಪ್ರತಿದಿನ ಹೊಸದಾಗಿ ಆರಂಭಿಸುವವನ ಕಾಲ ಅಖಂಡವಾಗಿರಬಹುದು, ಅಭ್ಯಾಸ ಅಖಂಡವಲ್ಲ.

ಮೊದಲಿನ ದಾರಿಗೇ ಮರಳಬೇಕೆಂಬ ನಿಯಮವೂ ಇಲ್ಲ. ಅಮೆರಿಕದ ಡೇಲ್ ಚಿಹುಲಿ 1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮೋಟಾರು ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. ಆತನ ಮುಖವನ್ನು ಸೀಳಿದ್ದು ಗಾಡಿಯ ಮುಂಗಾಜು ಎಂಬುದು ವಿಧಿಯ ವಿನೋದ. 1979ರಲ್ಲಿ ಭುಜ ತಪ್ಪಿದ ಮೇಲೆ ಊದುಕೊಳವೆಯನ್ನು ಹಿಡಿಯುವುದೂ ಆಗದೆ ಹೋಯಿತು. ಆತ ಮರಳಿದ್ದು ಬಣ್ಣದ ಚಿತ್ರಗಳನ್ನು ಬರೆದು, ಊದುವವರ ತಂಡವನ್ನು ನಡೆಸುವವನಾಗಿ. ಹತ್ತು ವರ್ಷ ಬಿಟ್ಟವಳಿಗೂ ಹಳೆಯ ಮಣಿಗಳೇ ಬೇಕೆಂದಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಸತ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಕದ್ದ ಇಪ್ಪತ್ತು ನಿಮಿಷಗಳಿಂದ ಕೆಲವು ಎತ್ತರಗಳನ್ನು ಏರಲಾಗದು. ಎಳೆಯತನದಿಂದ ಕುಲುಮೆಯ ಮುಂದೆ ಬೆಳೆದ ಮುರಾನೋವಿನ ಕುಶಲಿಯ ಕೈ ಆಕೆಗೆ ಬರುವುದಿಲ್ಲ. ರುಡಾಲ್ಫನು ಮಾಡಿದ ಪರಾಗದ ಎಳೆಗಳು ಆಕೆಯ ಮೇಜಿನ ಮೇಲೆ ಮೂಡುವುದಿಲ್ಲ. ಸಂಸಾರವು ಕೊಟ್ಟದ್ದು ಬಹಳವಿರಬಹುದು, ತೆಗೆದುಕೊಂಡದ್ದೂ ಉಂಟು. ತೆಗೆದುಕೊಂಡಿಲ್ಲವೆಂದು ಹೇಳಿ ಸಮಾಧಾನಪಡಿಸುವವರು ಆಕೆಯ ದುಃಖವನ್ನು ಗೌರವಿಸದವರು. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಪರಮೋತ್ಕೃಷ್ಟವಾದುದು ದೊರೆಯದಿದ್ದರೆ ಒಳ್ಳೆಯದನ್ನು ಬಿಡಬೇಕೆ? ಅಡಿಗೆಯಲ್ಲಿ, ಹಾಡಿನಲ್ಲಿ, ಹೊಲದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಸಂಜೆ ಹಾಡುವ ದೇವರನಾಮವು ಸಭೆ ಏರದೆಂದು ಯಾವ ಅಜ್ಜಿಯೂ ಹಾಡನ್ನು ನಿಲ್ಲಿಸಲಿಲ್ಲ. ಗಾಜಿಗೆ ಮಾತ್ರ ಬೇರೆ ನಿಯಮವೇಕೆ? ಅದು ಖರ್ಚಿನ ಕಲೆಯೆಂಬ ಆಕ್ಷೇಪವುಂಟು. ಅದು ಮನೆಯ ಲೆಕ್ಕದ ಮಾತು, ಲೆಕ್ಕವಾಗಿಯೇ ಇತ್ಯರ್ಥವಾಗಲಿ. ಅದಕ್ಕೆ ಯೋಗ್ಯತೆಯ ಮಾತನ್ನು ಬೆರೆಸಬಾರದು.

ಸಂಜೆ ಉರಿಯ ಕೆಲಸ ಮುಗಿದು ಮಣಿಗಳು ಆವಿಗೆಗೆ ಸೇರಿದ ಮೇಲೆ ಆಕೆ ಮಾಡಬೇಕಾದುದು ಏನೂ ಇಲ್ಲ. ಕಾವು ತನ್ನ ಪಾಡಿಗೆ ತಾನು ಇಳಿಯುತ್ತಿರುವುದು. ಬಾಗಿಲು ತೆಗೆದು ನೋಡಿದರೆ ಕೆಡುವುದು. ಆ ಹೊತ್ತಿನಲ್ಲಿ ರಾತ್ರಿಯ ಅಡಿಗೆ, ಮಕ್ಕಳ ಪಾಠ, ಹಿರಿಯರ ಔಷಧಿ ಎಲ್ಲವೂ ನಡೆಯುವುವು. ಯಾವ ಕರೆಯೂ ಅಡ್ಡಿಯಾಗದು. ಬೆಳಗ್ಗೆ ಆವಿಗೆ ಕೈ ಮುಟ್ಟುವಷ್ಟು ತಣಿದ ಮೇಲೆ ತೆರೆದರೆ ಐದರಲ್ಲಿ ಎರಡು ಸೀಳಿರಬಹುದು. ಸೀಳು ಎರಡು ಬಣ್ಣಗಳ ಗಡಿಯನ್ನೇ ಹಿಡಿದು ಸಾಗಿದ್ದರೆ ಅವು ಹೊಂದದ ಗಾಜುಗಳು. ಮತ್ತೆ ಕಾಸಿ ಫಲವಿಲ್ಲ, ಬೇರ್ಪಡಿಸಿ ಇಡಬೇಕು. ಗಡಿಯನ್ನು ಲೆಕ್ಕಿಸದೆ ಬಳುಕಿ ಹರಿದಿದ್ದರೆ ಅದು ಬೇಗ ತಣಿದುದರ ಫಲ. ಅದನ್ನು ಮತ್ತೆ ಮೆಲ್ಲನೆ ಕಾಸಿ ಕೂಡಿಸಬಹುದು. ಯಾವುದು ಯಾವ ಜಾತಿಯ ಬಿರುಕೆಂದು ನೋಡಿ ಹೇಳುವುದಕ್ಕೆ ಕಿಟಕಿಯ ಬಳಿ ಬೆಳಗಿನ ಬೆಳಕೂ, ಯಾರೂ ಕರೆಯದ ಹತ್ತು ನಿಮಿಷಗಳೂ ಬೇಕು.